ಕಪ್ಪು ಪಾಲಿಥಿಲೀನ್‌ನಲ್ಲಿ ಸ್ಟೆಬಿಲೈಸರ್ ಎಲ್ಲಿ ಕಾಣೆಯಾಗುತ್ತದೆ? ಕಾರ್ಬನ್ ಬ್ಲ್ಯಾಕ್‌ನ ಮೇಲ್ಮೈ ಹೀರಿಕೆಯನ್ನು ಪತ್ತೆಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಒಂದೇ ಪಾಲಿಥಿಲೀನ್, ಒಂದೇ ಪ್ರಮಾಣದ ಆಂಟಿಆಕ್ಸಿಡೆಂಟ್, ಅಂದರೆ ಪ್ಲಾಸ್ಟಿಕ್ ಆಮ್ಲಜನಕಕ್ಕೆ ಸಿಕ್ಕಿ ಕೆಡದಂತೆ ಕಾಯುವ ಸ್ಟೆಬಿಲೈಸರ್. ಆದರೂ ಬಣ್ಣವಿಲ್ಲದ ಮಾದರಿ ಆಕ್ಸಿಡೇಶನ್ ಇಂಡಕ್ಷನ್ ಟೈಮ್ ಪರೀಕ್ಷೆಯಲ್ಲಿ (ಬಿಸಿ ಆಮ್ಲಜನಕದಲ್ಲಿ ಮಾದರಿ ಎಷ್ಟು ಹೊತ್ತು ಕೆಡದೆ ತಡೆಯುತ್ತದೆ ಎಂದು ನೋಡುವ ಪರೀಕ್ಷೆ) ಸಲೀಸಾಗಿ ಗೆಲ್ಲುತ್ತದೆ, ಕಾರ್ಬನ್ ಬ್ಲ್ಯಾಕ್ (ಬಿಸಿಲಿನ ರಕ್ಷಣೆಗೆ ಹಾಕುವ ನುಣುಪಾದ ಮಸಿಯ ಪುಡಿ) ಬೆರೆಸಿದ ಮಾದರಿ ಅದೇ ಪರೀಕ್ಷೆಯಲ್ಲಿ ಎಡವುತ್ತದೆ. ಪೈಪ್, ಡ್ರಿಪ್ ಲ್ಯಾಟರಲ್ ಮತ್ತು ಕೇಬಲ್ ಹೊದಿಕೆ ತಯಾರಿಸುವ ಘಟಕಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಮಾಡುವ ಚಿಕಿತ್ಸೆ ಒಂದೇ: ಆಂಟಿಆಕ್ಸಿಡೆಂಟನ್ನು ಇನ್ನೊಂದಿಷ್ಟು ಸುರಿಯುವುದು. ಆ ಬ್ಯಾಚ್ ಪಾಸಾಗುತ್ತದೆ, ಬ್ಲ್ಯಾಕ್‌ನ ಲಾಟ್ ಬದಲಾದ ಕೂಡಲೇ ಸಮಸ್ಯೆ ಮರಳುತ್ತದೆ.

ಹೀಗಾಗುವುದಕ್ಕೆ ಕಾರಣವೆಂದರೆ, ಪರಸ್ಪರ ಸಂಬಂಧವಿಲ್ಲದ ಮೂರು ಸಂಗತಿಗಳನ್ನು ನಾವು ‘ಸ್ಟೆಬಿಲೈಸರ್ ಹೋಯಿತು’ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತೇವೆ. ಮೊದಲನೆಯದು, ಸ್ಟೆಬಿಲೈಸರ್ ಕಾರ್ಬನ್‌ನ ಮೇಲ್ಮೈಗೆ ಸಡಿಲವಾಗಿ ಅಂಟಿದ್ದು, ಮುಂದೆ ನಿಧಾನವಾಗಿ ಬಿಡುಗಡೆಯಾಗುವ ಸ್ಥಿತಿ. ಎರಡನೆಯದು, ಬಲವಾಗಿ ಕಚ್ಚಿಕೊಂಡು ಪಾಲಿಮರ್‌ಗೆ ಮತ್ತೆಂದೂ ದೊರಕದ ಸ್ಥಿತಿ. ಮೂರನೆಯದು, ಪ್ಲಾಸ್ಟಿಕನ್ನು ಕರಗಿಸಿ ಒತ್ತುವ ಎಕ್ಸ್‌ಟ್ರೂಡರಿನಲ್ಲಿಯೇ ರಾಸಾಯನಿಕವಾಗಿ ಖರ್ಚಾಗಿ ಹೋದ ಸ್ಥಿತಿ. ಮೂರಕ್ಕೂ ಪರಿಹಾರ ಬೇರೆ ಬೇರೆಯಾದುದರಿಂದ, ಯಾವುದು ನಡೆದಿದೆ ಎಂದು ತಿಳಿಯುವ ಮೊದಲು ಪ್ರಮಾಣ ಏರಿಸಬಾರದು. ಕೆಳಗಿನ ಹಂತಗಳ ಕ್ರಮವನ್ನು ಈ ಮೂರನ್ನು ಬೇರ್ಪಡಿಸುವ ಉದ್ದೇಶದಿಂದಲೇ ಜೋಡಿಸಲಾಗಿದೆ. ನಡುವಿನ ಹಂತವೊಂದನ್ನು ಹಾರಿಸಿದರೆ ಮುಂದಿನ ಅಂಕಿಗಳಿಗೆ ಅರ್ಥ ಉಳಿಯುವುದಿಲ್ಲ.

## ಬೇಕಾಗುವ ಉಪಕರಣಗಳು

ಮಾದರಿ ಹೀರುವ ಅಥವಾ ಹೊರಬಿಡುವ ಶಾಖವನ್ನು ಅಳೆಯುವ ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್, ಅಂದರೆ ಡಿಎಸ್‌ಸಿ. ಕಾಯಿಸುತ್ತಾ ತೂಕ ಅಳೆಯುವ ಥರ್ಮೋಗ್ರಾವಿಮೆಟ್ರಿ ಯಂತ್ರ ಅಥವಾ ನೈಟ್ರೋಜನ್ ಹರಿಸಬಲ್ಲ ಕುಲುಮೆ. ನೂರು ಪಟ್ಟು ವರ್ಧಿಸುವ ಸೂಕ್ಷ್ಮದರ್ಶಕ. ಯುವಿ ಸ್ಪೆಕ್ಟ್ರೋಫೋಟೋಮೀಟರ್, ಸಾಧ್ಯವಿದ್ದರೆ ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ. ತಾಪ ನಿಯಂತ್ರಣವಿರುವ ಶೇಕರ್, ಸೆಂಟ್ರಿಫ್ಯೂಜ್, 0.2 ಮೈಕ್ರಾನ್‌ನ ಪಿಟಿಎಫ್‌ಇ ಫಿಲ್ಟರ್. 105 ಡಿಗ್ರಿ ಸೆಲ್ಸಿಯಸ್‌ನ ಒಲೆ. ಸಣ್ಣ ಪ್ರಮಾಣದಲ್ಲಿ ಕರಗಿಸಿ ಬೆರೆಸುವ ಆಂತರಿಕ ಮಿಕ್ಸರ್ ಅಥವಾ ಪ್ರಯೋಗಾಲಯದ ಎಕ್ಸ್‌ಟ್ರೂಡರ್. ಇವೆಲ್ಲವೂ ಸಣ್ಣ ಘಟಕದಲ್ಲಿ ಇರುವುದಿಲ್ಲ. ಮೈಸೂರಿನ ಸಿಪೆಟ್‌ನಂತಹ ಪಾಲಿಮರ್ ಪರೀಕ್ಷಾ ಕೇಂದ್ರಕ್ಕೆ ಡಿಎಸ್‌ಸಿ ಕೆಲಸವನ್ನು ಕಳುಹಿಸಿ, ಶೇಕರ್ ಮತ್ತು ಸ್ಪೆಕ್ಟ್ರೋಫೋಟೋಮೀಟರಿನ ಕೆಲಸವನ್ನು ಘಟಕದಲ್ಲಿಯೇ ಮಾಡಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ವಿಭಜನೆ, ಏಕೆಂದರೆ ಹೆಚ್ಚು ಬಾರಿ ಮಾಡಬೇಕಾಗಿ ಬರುವುದು ಎರಡನೆಯದನ್ನು.

## ಹಂತ 1: ನಾಲ್ಕು ಮಾದರಿಗಳನ್ನು ತಯಾರಿಸುವುದು

ಹೋಲಿಕೆಗೆ ನಾಲ್ಕು ಮಾದರಿಗಳು ಬೇಕು: ‘ಅ’ ಬರಿಯ ರಾಳ (ಪಾಲಿಥಿಲೀನ್), ‘ಆ’ ರಾಳ ಮತ್ತು ಸ್ಟೆಬಿಲೈಸರ್, ‘ಇ’ ರಾಳ ಮತ್ತು ಕಾರ್ಬನ್ ಬ್ಲ್ಯಾಕ್, ‘ಈ’ ಮೂರೂ ಸೇರಿದ್ದು. ನಾಲ್ಕನ್ನೂ ಒಂದೇ ತಾಪದಲ್ಲಿ, ಒಂದೇ ಹೊತ್ತು, ಒಂದೇ ಸ್ಕ್ರೂ ವೇಗದಲ್ಲಿ ಬೆರೆಸಬೇಕು. ಬರಿಯ ರಾಳವೂ ಎಕ್ಸ್‌ಟ್ರೂಡರಿನ ಮೂಲಕ ಹಾದುಹೋಗಲೇಬೇಕು.

ಮಾರುಕಟ್ಟೆಯಲ್ಲಿ ಸಿಗುವ ಹರಳುಗಳಲ್ಲಿ ತಯಾರಕರು ಹಾಕಿದ ಆಂಟಿಆಕ್ಸಿಡೆಂಟ್ ಮೊದಲೇ ಇರುತ್ತದೆ ಎಂಬುದನ್ನು ಮರೆಯುವುದು ಇಲ್ಲಿನ ಸಾಮಾನ್ಯ ತಪ್ಪು. ಸಂಕಲನ (ಹೊರಗಿನಿಂದ ಬೆರೆಸುವ ರಾಸಾಯನಿಕ) ಇಲ್ಲದ ರಿಯಾಕ್ಟರ್ ಪುಡಿಯನ್ನು ತರಿಸಿಕೊಳ್ಳಿ. ಕಾರ್ಬನ್ ಬ್ಲ್ಯಾಕನ್ನು ಮಾಸ್ಟರ್‌ಬ್ಯಾಚ್ (ವಾಹಕ ರಾಳದಲ್ಲಿ ಮೊದಲೇ ಸಾಂದ್ರವಾಗಿ ಬೆರೆಸಿಟ್ಟ ಹರಳು) ರೂಪದಲ್ಲಿ ಬಳಸುವವರು ಇನ್ನೊಂದು ಮಾತು ನೆನಪಿಡಬೇಕು: 40 ಪ್ರತಿಶತ ಬ್ಲ್ಯಾಕ್ ಇರುವ ಮಾಸ್ಟರ್‌ಬ್ಯಾಚನ್ನು 6.25 ಪ್ರತಿಶತ ಸೇರಿಸಿದಾಗ 2.5 ಪ್ರತಿಶತ ಬ್ಲ್ಯಾಕ್‌ನ ಜೊತೆಗೆ 3.75 ಪ್ರತಿಶತ ವಾಹಕ ರಾಳ, ಮೇಣ, ಸ್ಟಿಯರೇಟ್ ಇತ್ಯಾದಿಗಳೂ ಒಳಗೆ ಬರುತ್ತವೆ. ಆದ್ದರಿಂದ ಬ್ಲ್ಯಾಕ್ ಇಲ್ಲದ ಅದೇ ವಾಹಕವನ್ನು ‘ಅ’ ಮತ್ತು ‘ಆ’ ಮಾದರಿಗಳಿಗೂ ಸೇರಿಸದಿದ್ದರೆ ಹೋಲಿಕೆ ನ್ಯಾಯಯುತವಾಗುವುದಿಲ್ಲ.

## ಹಂತ 2: ಕಾರ್ಬನ್ ಪ್ರಮಾಣ ಮತ್ತು ಹರಡುವಿಕೆಯನ್ನು ಖಚಿತಪಡಿಸಿಕೊಳ್ಳುವುದು

ಮೇಲ್ಮೈ ಹೀರಿಕೆಯನ್ನು ಶಂಕಿಸುವ ಮೊದಲು, ಒಳಗಿರುವ ಕಾರ್ಬನ್ ಎಷ್ಟೆಂದು ತಿಳಿಯಬೇಕು. ಥರ್ಮೋಗ್ರಾವಿಮೆಟ್ರಿಯಲ್ಲಿ ನೈಟ್ರೋಜನ್ ಹರಿಸುತ್ತಾ 600 ಡಿಗ್ರಿಯವರೆಗೆ ಕಾಯಿಸಿ ಪಾಲಿಮರನ್ನು ಕಳೆಯಿರಿ. ಬಳಿಕ ಗಾಳಿ ಅಥವಾ ಆಮ್ಲಜನಕಕ್ಕೆ ಬದಲಿಸಿದಾಗ ಆಗುವ ತೂಕದ ಇಳಿಕೆಯೇ ಕಾರ್ಬನ್. ಕೊನೆಗೆ ಉಳಿಯುವುದು ಬೂದಿ. ನೀರಿನ ಎಚ್‌ಡಿಪಿಇ ಪೈಪಿಗೆ ಭಾರತೀಯ ಮಾನಕ ಐಎಸ್ 4984 ಕೇಳುವುದು 2.5 ಪ್ರತಿಶತ, ಅರ್ಧ ಪ್ರತಿಶತ ಆಚೀಚೆ. ಬೂದಿ ಅನಿರೀಕ್ಷಿತವಾಗಿ ಹೆಚ್ಚಿದ್ದರೆ ಯಾರೋ ಸುಣ್ಣಪುಡಿ ಬೆರೆತ ಮಾಸ್ಟರ್‌ಬ್ಯಾಚ್ ಮಾರಿದ್ದಾರೆ ಎಂದು ಅನುಮಾನಿಸಬಹುದು.

ಹರಡುವಿಕೆಯನ್ನು ನೋಡಲು ಚಿಕ್ಕ ಚೂರನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಕರಗಿಸಿ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಗಂಟುಗಳನ್ನು ಅಳೆಯಿರಿ. ಐಎಸ್‌ಒ 18553 ಪ್ರಕಾರ ದರ್ಜೆ ನೀಡಿದಾಗ ಪೈಪಿಗೆ ಸರಾಸರಿ 3ನ್ನು ಮೀರಬಾರದು. ಇಲ್ಲೊಂದು ಎಚ್ಚರಿಕೆಯ ಚಿಹ್ನೆ ಇದೆ. ಹರಡುವಿಕೆ ಕೆಟ್ಟಿದ್ದಾಗ ಗಂಟುಗಳ ಒಳಗಿನ ಮೇಲ್ಮೈ ಸ್ಟೆಬಿಲೈಸರ್‌ಗೆ ತೆರೆದುಕೊಳ್ಳುವುದೇ ಇಲ್ಲವಾದುದರಿಂದ ಇಂಡಕ್ಷನ್ ಟೈಮ್ ಹೆಚ್ಚು ಬರಬಹುದು. ಆ ಸುಧಾರಣೆಯನ್ನು ನಂಬಿದವರು ಬಿಸಿಲಿಗೆ ಸೀಳುವ ಪೈಪನ್ನು ಸಂತೋಷದಿಂದ ಮಾರಿಬಿಡುತ್ತಾರೆ.

## ಹಂತ 3: ಇಂಡಕ್ಷನ್ ಟೈಮ್ ಅಳತೆಯನ್ನು ಸರಿಯಾಗಿ ಮಾಡುವುದು

ಡಿಎಸ್‌ಸಿಯನ್ನು ಇಂಡಿಯಮ್ (156.6 ಡಿಗ್ರಿ) ಮತ್ತು ತವರ (231.9 ಡಿಗ್ರಿ) ಎರಡರಿಂದಲೂ ಕ್ಯಾಲಿಬ್ರೇಟ್ ಮಾಡಿರಬೇಕು. ಉತ್ಕರ್ಷಣದ ವೇಗ ತಾಪಕ್ಕೆ ಎಷ್ಟು ಸೂಕ್ಷ್ಮವೆಂದರೆ, 200 ಡಿಗ್ರಿಯ ಆಸುಪಾಸಿನಲ್ಲಿ ಒಂದೇ ಡಿಗ್ರಿಯ ತಪ್ಪು ಫಲಿತಾಂಶವನ್ನು ಸುಮಾರು ಹತ್ತನೇ ಒಂದು ಭಾಗದಷ್ಟು ಅಲುಗಿಸಬಲ್ಲದು. ಮಾದರಿಯ ತೂಕ, ಅಲ್ಯೂಮಿನಿಯಂ ಪ್ಯಾನಿನ ಶುಚಿ, ಅನಿಲದ ಹರಿವು ಇವು ನಾಲ್ಕೂ ಮಾದರಿಗಳಿಗೆ ಒಂದೇ ಆಗಿರಲಿ. ನೈಟ್ರೋಜನ್‌ನಲ್ಲಿ 200 ಡಿಗ್ರಿಗೆ ಏರಿಸಿ, ತಾಪ ಸ್ಥಿರವಾದ ಬಳಿಕ ಆಮ್ಲಜನಕಕ್ಕೆ ಬದಲಿಸಿ, ಬದಲಿಸಿದ ಕ್ಷಣದಿಂದ ಸ್ಪರ್ಶರೇಖೆ ಸೂಚಿಸುವ ಆರಂಭ ಬಿಂದುವಿನವರೆಗಿನ ಕಾಲವನ್ನು ತೆಗೆದುಕೊಳ್ಳಿ.

ಫಲಿತಾಂಶವನ್ನು ಹೀಗೆ ಲೆಕ್ಕ ಹಾಕಬೇಕು. ಲೆಕ್ಕ ತೋರಿಸಲೆಂದಷ್ಟೇ ಊಹಿಸಿದ ಅಂಕಿಗಳಿವು: ‘ಅ’ 2 ನಿಮಿಷ, ‘ಆ’ 42, ‘ಇ’ 6, ‘ಈ’ 26 ನಿಮಿಷ. ಸ್ಟೆಬಿಲೈಸರ್ ತಾನೊಂದೇ ಕೊಟ್ಟ ಲಾಭ 40, ಬ್ಲ್ಯಾಕ್ ತಾನೊಂದೇ ಕೊಟ್ಟದ್ದು 4. ಒಟ್ಟು ನಿರೀಕ್ಷೆ 44. ನಿಜವಾಗಿ ಬಂದ ಲಾಭ 24. ನಿರೀಕ್ಷೆಗಿಂತ 20 ಕಡಿಮೆ, ಅಂದರೆ ಸುಮಾರು 45 ಪ್ರತಿಶತ ವಿರೋಧ. ಐಎಸ್ 4984 ಕೇಳುವ 20 ನಿಮಿಷವನ್ನು ಈ ಮಾದರಿ ದಾಟುತ್ತದೆ ನಿಜ, ಆದರೆ ಹಾಕಿದ ಹಣದ ಅರ್ಧದಷ್ಟು ಎಲ್ಲಿಯೋ ಸಿಕ್ಕಿಕೊಂಡಿದೆ.

ಬ್ಲ್ಯಾಕ್ ತಾನೂ ಒಂದು ದುರ್ಬಲ ಸ್ಟೆಬಿಲೈಸರ್ ಆಗಿರುವುದರಿಂದಲೇ ‘ಇ’ ಮಾದರಿ ಬೇಕಾಗುತ್ತದೆ. ಅದರ ಮೇಲ್ಮೈಯ ಕ್ವಿನೋನ್ ಗುಂಪುಗಳು ಉತ್ಕರ್ಷಣವನ್ನು ಮುಂದುವರಿಸುವ ಕ್ರಿಯಾಶೀಲ ತುಣುಕುಗಳಾದ ರ‍್ಯಾಡಿಕಲ್‌ಗಳನ್ನು ಹಿಡಿಯುತ್ತವೆ.

ಇನ್ನೊಂದು ಮಿತಿಯನ್ನು ಒತ್ತಿ ಹೇಳಬೇಕು: ಹಿಂಡರ್ಡ್ ಅಮೈನ್ ಬೆಳಕಿನ ಸ್ಟೆಬಿಲೈಸರ್‌ಗಳು, ಅಂದರೆ ಹಾಲ್ಸ್, 200 ಡಿಗ್ರಿಯಲ್ಲಿ ತಮ್ಮ ಕೆಲಸವನ್ನು ತೋರಿಸುವುದಿಲ್ಲ. ಹಾಲ್ಸ್ ಬ್ಲ್ಯಾಕ್‌ಗೆ ಅಂಟಿದೆಯೇ ಎಂಬ ಪ್ರಶ್ನೆಗೆ ಸಾಮಾನ್ಯ ಇಂಡಕ್ಷನ್ ಟೈಮ್ ಉತ್ತರವೇ ಅಲ್ಲ. 150 ಡಿಗ್ರಿಯ ಅಧಿಕ ಒತ್ತಡದ ಪರೀಕ್ಷೆ ಅಥವಾ ಕಡಿಮೆ ತಾಪದ ದೀರ್ಘ ಒಲೆ ಪರೀಕ್ಷೆ ಬೇಕು.

## ಹಂತ 4: ಬ್ಲ್ಯಾಕ್‌ನ ಮೇಲ್ಮೈಯನ್ನು ಓದುವುದು

ಪೂರೈಕೆದಾರರ ಪ್ರಮಾಣಪತ್ರದಿಂದ ನಾಲ್ಕು ಅಂಕಿಗಳನ್ನು ಪ್ರತಿ ಲಾಟ್‌ಗೂ ದಾಖಲಿಸಿ: ನೈಟ್ರೋಜನ್ ಮೇಲ್ಮೈ ವಿಸ್ತೀರ್ಣ, ಎಣ್ಣೆ ಹೀರಿಕೆ ಸಂಖ್ಯೆ, ಬಾಷ್ಪಶೀಲ ಅಂಶ, ತೇವಾಂಶ. ಪೈಪಿಗೆ ಬಳಸುವ ಬ್ಲ್ಯಾಕ್‌ನ ಪ್ರಾಥಮಿಕ ಕಣದ ಸರಾಸರಿ ಗಾತ್ರ 25 ನ್ಯಾನೊಮೀಟರಿನೊಳಗೆ ಇರಬೇಕೆಂಬ ನಿಯಮವಿರುವುದರಿಂದ ವಿಸ್ತೀರ್ಣ ದೊಡ್ಡದಾಗಿಯೇ ಇರುತ್ತದೆ.

ಎಷ್ಟು ದೊಡ್ಡದು ಎಂಬುದನ್ನು ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಗ್ರಾಂಗೆ 100 ಚದರ ಮೀಟರಿನ ಬ್ಲ್ಯಾಕ್ 100 ಕಿಲೋ ಕಾಂಪೌಂಡಿನಲ್ಲಿ (ಎಲ್ಲವನ್ನೂ ಬೆರೆಸಿ ಸಿದ್ಧಪಡಿಸಿದ ಪ್ಲಾಸ್ಟಿಕ್) ಎರಡೂವರೆ ಕಿಲೋ ಇದ್ದರೆ, ಒಟ್ಟು ಮೇಲ್ಮೈ 2,50,000 ಚದರ ಮೀಟರ್, ಅಂದರೆ 25 ಹೆಕ್ಟೇರ್. ಅದೇ ಕಾಂಪೌಂಡಿಗೆ 2000 ಪಿಪಿಎಂ (ಹತ್ತು ಲಕ್ಷದಲ್ಲಿ 2000 ಪಾಲು) ಇರ್ಗಾನಾಕ್ಸ್ 1010 ಎಂಬ ಹಿಂಡರ್ಡ್ ಫೀನಾಲ್ ಆಂಟಿಆಕ್ಸಿಡೆಂಟ್ ಹಾಕಿದರೆ ಅದು 200 ಗ್ರಾಂ; ಅಣುತೂಕ 1178 ಆದುದರಿಂದ ಸುಮಾರು 0.17 ಮೋಲ್. ಭಾಗಿಸಿದರೆ ಒಂದೊಂದು ಅಣುವಿನ ಪಾಲಿಗೆ ಎರಡೂವರೆ ಚದರ ನ್ಯಾನೊಮೀಟರಿನಷ್ಟು ಜಾಗ ಬರುತ್ತದೆ. ಆ ಅಣು ಮೇಲ್ಮೈಯ ಮೇಲೆ ಹರಡಿಕೊಂಡರೆ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು ಆಕ್ರಮಿಸುತ್ತದೆ. ಹಾಗಾಗಿ, ಪರಿಸ್ಥಿತಿ ಒದಗಿದರೆ ಹಾಕಿದ ಪ್ರಮಾಣವಷ್ಟನ್ನೂ ಒಂದೇ ಪದರದಲ್ಲಿ ನುಂಗುವಷ್ಟು ಜಾಗ ಬ್ಲ್ಯಾಕ್‌ನಲ್ಲಿ ಇದ್ದೇ ಇದೆ. ವಾಸ್ತವದಲ್ಲಿ ಹಾಗೆ ಆಗದಿರುವುದು ಪಾಲಿಮರ್ ಸರಪಳಿಗಳೂ ಅದೇ ಜಾಗಕ್ಕಾಗಿ ಪೈಪೋಟಿ ನಡೆಸುವುದರಿಂದ ಮತ್ತು ಕರಗಿದ ಸ್ಥಿತಿಯ ತಾಪ ಬಂಧವನ್ನು ಸಡಿಲಿಸುವುದರಿಂದ.

ವಿಸ್ತೀರ್ಣ ಜಾಗವನ್ನಷ್ಟೇ ಹೇಳುತ್ತದೆ. ಹಿಡಿತದ ಬಲವನ್ನು ಹೇಳುವುದು ಮೇಲ್ಮೈಯ ರಸಾಯನ. ಕಾರ್ಬಾಕ್ಸಿಲ್ ಗುಂಪುಗಳು ಹಾಲ್ಸ್‌ನಂತಹ ಕ್ಷಾರೀಯ ಅಮೈನುಗಳನ್ನು ಆಮ್ಲ-ಕ್ಷಾರ ಬಂಧದಿಂದ ಬಿಗಿಯಾಗಿ ಹಿಡಿಯುತ್ತವೆ. ಕ್ವಿನೋನ್ ಮತ್ತು ಲ್ಯಾಕ್ಟೋನ್‌ಗಳ ಕಾರ್ಬೊನಿಲ್‌ಗಳು ಫೀನಾಲಿನ ಹೈಡ್ರಾಕ್ಸಿಲ್‌ನೊಂದಿಗೆ ಹೈಡ್ರೋಜನ್ ಬಂಧ ಏರ್ಪಡಿಸಿಕೊಳ್ಳುತ್ತವೆ. ಇನ್ನೊಂದು ಬಗೆಯ ಸ್ಟೆಬಿಲೈಸರ್‌ಗಳಾದ ಫಾಸ್ಫೈಟ್‌ಗಳಿಗೆ ಅಪಾಯ ಬರುವುದು ಮುಖ್ಯವಾಗಿ ಬ್ಲ್ಯಾಕ್ ಹೊತ್ತು ತರುವ ತೇವದಿಂದ: ಆಮ್ಲೀಯ ಮೇಲ್ಮೈಯ ಪಕ್ಕದಲ್ಲಿ ಅವು ಜಲವಿಚ್ಛೇದನೆಗೊಂಡು ಕೆಡುತ್ತವೆ.

ಪಿಎಚ್ ಅಂಕಿಯೊಂದನ್ನೇ ನಂಬುವುದು ಮೋಸ. ಫರ್ನೇಸ್ ಬ್ಲ್ಯಾಕ್‌ನಲ್ಲಿ ತಣಿಸುವ ನೀರಿನಿಂದ ಬಂದ ಲವಣಗಳು ಉಳಿದಿದ್ದು, ಕೆಸರಿನ ಪಿಎಚ್ 8 ಅಥವಾ 9 ಬಂದರೂ ಮೇಲ್ಮೈಯಲ್ಲಿ ಆಮ್ಲೀಯ ಗುಂಪುಗಳು ಇರಬಹುದು. ಗುಂಪುಗಳನ್ನು ಬೇರ್ಪಡಿಸಿ ಎಣಿಸಲು ಬೋಹ್ಮ್ ಟೈಟ್ರೇಶನ್ ಮಾಡಬೇಕು: ಸೋಡಿಯಂ ಬೈಕಾರ್ಬೊನೇಟ್ ಕಾರ್ಬಾಕ್ಸಿಲ್‌ಗಳನ್ನು ಮಾತ್ರ, ಸೋಡಿಯಂ ಕಾರ್ಬೊನೇಟ್ ಅವುಗಳ ಜೊತೆ ಲ್ಯಾಕ್ಟೋನ್‌ಗಳನ್ನು, ಸೋಡಿಯಂ ಹೈಡ್ರಾಕ್ಸೈಡ್ ಫೀನಾಲ್‌ಗಳನ್ನೂ ಸೇರಿಸಿ ತಟಸ್ಥಗೊಳಿಸುತ್ತದೆ. ಒಂದು ದಿನ ಅಲುಗಿಸಿ, ಸೋಸಿ, ಉಳಿದ ಕ್ಷಾರವನ್ನು ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುವುದು. ಹಾಲ್ಸ್ ಬಳಸದವರು ಇದನ್ನು ಬಿಟ್ಟು ಮುಂದಕ್ಕೆ ಹೋಗಬಹುದು.

## ಹಂತ 5: ದ್ರಾವಣದಲ್ಲಿ ಹೀರಿಕೆಯನ್ನು ಅಳೆಯುವುದು

ಈ ಮಾರ್ಗದರ್ಶಿಯ ತಿರುಳು ಇಲ್ಲಿದೆ, ಹೆಚ್ಚಿನವರು ಎಡವುವುದೂ ಇಲ್ಲಿಯೇ.

ದ್ರಾವಕದ ಆಯ್ಕೆ. ಪಾಲಿಥಿಲೀನನ್ನು ಹೋಲುವ ದ್ರಾವಕ ಬೇಕಾದುದರಿಂದ ಹೆಪ್ಟೇನ್ ಆರಿಸಿ. ಟಾಲ್ವೀನ್‌ನಲ್ಲಿ ಸ್ಟೆಬಿಲೈಸರ್ ಸುಲಭವಾಗಿ ಕರಗುತ್ತದೆ ಎಂಬ ಕಾರಣಕ್ಕೆ ಅದನ್ನು ಬಳಸಿದರೆ, ಟಾಲ್ವೀನ್ ತಾನೇ ಗ್ರಾಫೈಟ್‌ನಂತಹ ಮೇಲ್ಮೈಗೆ ಅಂಟಿ, ಹೀರಿಕೆಯೇ ಇಲ್ಲವೆಂಬ ಸುಳ್ಳು ಚಿತ್ರ ಕೊಡುತ್ತದೆ. ಇರ್ಗಾನಾಕ್ಸ್ 1010 ಹೆಪ್ಟೇನ್‌ನಲ್ಲಿ ಕಡಿಮೆ ಕರಗುವುದರಿಂದ ಲೀಟರಿಗೆ 50ರಿಂದ 500 ಮಿಲಿಗ್ರಾಂನೊಳಗೆ ಆರೇಳು ದ್ರಾವಣಗಳನ್ನು ತಯಾರಿಸಿ, ಎಲ್ಲವೂ ತಿಳಿಯಾಗಿರುವುದನ್ನು ಬೆಳಕಿಗೆ ಹಿಡಿದು ನೋಡಿ.

ಒಣಗಿಸುವಿಕೆ. ಬ್ಲ್ಯಾಕನ್ನು 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ಡೆಸಿಕೇಟರಿನಲ್ಲಿ ತಣಿಸಬೇಕು. ನೀರಿನ ಅಣುಗಳು ಧ್ರುವೀಯ ತಾಣಗಳನ್ನು ಮೊದಲೇ ಆಕ್ರಮಿಸಿದ್ದರೆ ಅಳತೆ ದಿನದಿಂದ ದಿನಕ್ಕೆ ಬದಲಾಗುತ್ತದೆ; ಮಳೆಗಾಲದ ಕರಾವಳಿಯಲ್ಲಿ ಚೀಲ ಬಿಚ್ಚಿಟ್ಟ ಬ್ಲ್ಯಾಕ್‌ನಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟಿರುತ್ತದೆ.

ಅಲುಗಿಸುವುದು ಮತ್ತು ಬೇರ್ಪಡಿಸುವುದು. ಅರ್ಧ ಗ್ರಾಂ ಬ್ಲ್ಯಾಕ್‌ಗೆ 50 ಮಿಲಿಲೀಟರ್ ದ್ರಾವಣ ಸೇರಿಸಿ, ಮುಚ್ಚಳ ಬಿಗಿಮಾಡಿ, ಒಂದೇ ತಾಪದಲ್ಲಿ 24 ಗಂಟೆ ಅಲುಗಿಸಿ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಪಿಟಿಎಫ್‌ಇ ಫಿಲ್ಟರಿನಿಂದ ಸೋಸಿ. ಕಣ್ಣಿಗೆ ಕಾಣದ ಕಪ್ಪು ಕಣಗಳು ಉಳಿದರೂ ಯುವಿ ಅಳತೆ ಹಾಳಾಗುತ್ತದೆ. 600 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆ ಸೊನ್ನೆಯಾಗಿದೆಯೇ ಎಂದು ನೋಡುವುದು ಇದಕ್ಕೆ ಸುಲಭ ಪರೀಕ್ಷೆ.

ಅಳತೆ. ಹಿಂಡರ್ಡ್ ಫೀನಾಲ್‌ಗಳು 280 ನ್ಯಾನೊಮೀಟರಿನ ಸಮೀಪ ಬೆಳಕನ್ನು ಹೀರುತ್ತವೆ. ಅಬ್ಸಾರ್ಬೆನ್ಸ್ ಒಂದಕ್ಕಿಂತ ಕೆಳಗಿರುವಂತೆ ದ್ರಾವಣವನ್ನು ತೆಳುವಾಗಿಸಿ. ಬ್ಲ್ಯಾಕ್ ಮತ್ತು ಬರಿಯ ಹೆಪ್ಟೇನ್ ಸೇರಿಸಿದ ಖಾಲಿ ಮಾದರಿಯನ್ನು ಬಿಡಲೇಬಾರದು, ಏಕೆಂದರೆ ಬ್ಲ್ಯಾಕ್‌ನಿಂದ ಬಿಡುಗಡೆಯಾಗುವ ಆರೋಮ್ಯಾಟಿಕ್ ಶೇಷಗಳೂ ಅದೇ ತರಂಗದಲ್ಲಿ ಹೀರುತ್ತವೆ. ಟಿನುವಿನ್ 770ರಂತಹ ಹಾಲ್ಸ್‌ಗೆ ಯುವಿಯಲ್ಲಿ ಉಪಯುಕ್ತ ಗುರುತಿಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ಅಥವಾ ಅಸಿಟಿಕ್ ಆಮ್ಲದಲ್ಲಿ ಪರ್‌ಕ್ಲೋರಿಕ್ ಆಮ್ಲದ ಟೈಟ್ರೇಶನ್ ಬೇಕು.

ಲೆಕ್ಕ. ಮೊದಲಿನ ಸಾಂದ್ರತೆಯಿಂದ ಕೊನೆಯದನ್ನು ಕಳೆದು, ಗಾತ್ರದಿಂದ ಗುಣಿಸಿ, ಬ್ಲ್ಯಾಕ್‌ನ ತೂಕದಿಂದ ಭಾಗಿಸಿ. ಉದಾಹರಣೆಗೆ ಲೀಟರಿಗೆ 500 ಮಿಲಿಗ್ರಾಂ ಇದ್ದದ್ದು 320ಕ್ಕೆ ಇಳಿದರೆ, 180 ಗುಣಿಸು 0.05 ಲೀಟರ್, ಭಾಗಿಸು 0.5 ಗ್ರಾಂ: ಗ್ರಾಂ ಬ್ಲ್ಯಾಕ್‌ಗೆ 18 ಮಿಲಿಗ್ರಾಂ. ಒಂದು ಕಿಲೋ ಕಾಂಪೌಂಡಿನಲ್ಲಿ 25 ಗ್ರಾಂ ಬ್ಲ್ಯಾಕ್ ಇದ್ದರೆ 450 ಮಿಲಿಗ್ರಾಂ, ಅಂದರೆ 450 ಪಿಪಿಎಂ ಸಿಕ್ಕಿಕೊಳ್ಳಬಹುದು. 2000 ಪಿಪಿಎಂ ಹಾಕುವವರಿಗೆ ಇದು ಸಹ್ಯ. 1000 ಪಿಪಿಎಂ ಹಾಕುವವರಿಗೆ ಹತ್ತಿರ ಹತ್ತಿರ ಅರ್ಧ. ಕೋಣೆಯ ತಾಪದ ಈ ಅಂಕಿಯನ್ನು 200 ಡಿಗ್ರಿಯ ಕರಗಿಗೆ ನೇರವಾಗಿ ಅನ್ವಯಿಸಬಾರದು. ಬ್ಲ್ಯಾಕ್‌ಗಳನ್ನೋ ಸ್ಟೆಬಿಲೈಸರ್‌ಗಳನ್ನೋ ಒಂದರ ಪಕ್ಕ ಒಂದಿಟ್ಟು ಶ್ರೇಣಿ ನಿರ್ಧರಿಸುವುದಕ್ಕೆ ಇದು ನಂಬಲರ್ಹ, ಅದಕ್ಕಿಂತ ಹೆಚ್ಚಿನದಕ್ಕಲ್ಲ.

ಬಿಡಿಸುವ ಪರೀಕ್ಷೆ. ತಿಳಿಯನ್ನು ತೆಗೆದ ಬಳಿಕ ಅದೇ ಬ್ಲ್ಯಾಕ್‌ಗೆ ಹೊಸ ಹೆಪ್ಟೇನ್ ಹಾಕಿ ಮತ್ತೆ ಅಲುಗಿಸಿ. ಮರಳಿ ಬರುವುದು ಸಡಿಲವಾಗಿ ಅಂಟಿದ ಭಾಗ, ಅದು ಕಾಲಾಂತರದಲ್ಲಿ ಪಾಲಿಮರ್‌ಗೆ ದೊರಕಬಹುದಾದ ಸಂಗ್ರಹ. ಬಳಿಕ ಟೆಟ್ರಾಹೈಡ್ರೋಫ್ಯೂರಾನ್‌ನಿಂದ ತೊಳೆಯಿರಿ; ಈಗ ಬರುವುದು ಹೈಡ್ರೋಜನ್ ಬಂಧದಲ್ಲಿದ್ದದ್ದು. ಎರಡಕ್ಕೂ ಬಗ್ಗದೆ ಉಳಿದದ್ದನ್ನು ಕಳೆದುಹೋದದ್ದೆಂದೇ ಲೆಕ್ಕಿಸಬೇಕು. ಅನೇಕರು ಹೀರಿಕೆಯನ್ನು ಅಳೆದು ಇಲ್ಲಿಗೆ ಬಾರದೆ ನಿಲ್ಲಿಸುತ್ತಾರೆ, ಆದರೆ ಆರಂಭದಲ್ಲಿ ಹೇಳಿದ ಮೊದಲ ಎರಡು ಸ್ಥಿತಿಗಳನ್ನು ಬೇರ್ಪಡಿಸುವುದು ಈ ತೊಳೆತವೊಂದೇ.

## ಹಂತ 6: ಕಾಂಪೌಂಡಿನಿಂದಲೇ ಸ್ಟೆಬಿಲೈಸರನ್ನು ಹೊರತೆಗೆಯುವುದು

‘ಆ’ ಮತ್ತು ‘ಈ’ ಮಾದರಿಗಳನ್ನು ದ್ರವ ನೈಟ್ರೋಜನ್‌ನಲ್ಲಿ ತಣಿಸಿ ಪುಡಿಮಾಡಿ. ಒಂದು ಪಾಲನ್ನು ಐಸೊಪ್ರೊಪನಾಲ್‌ನಲ್ಲಿ ರಿಫ್ಲಕ್ಸ್ ಮಾಡಿ. ಇನ್ನೊಂದನ್ನು ಬಿಸಿ ಟಾಲ್ವೀನ್‌ನಲ್ಲಿ ಪೂರ್ಣ ಕರಗಿಸಿ, ಮೆಥನಾಲ್‌ನಿಂದ ಪಾಲಿಮರನ್ನು ಹೆಪ್ಪುಗಟ್ಟಿಸಿ. ಎರಡನ್ನೂ ಎಚ್‌ಪಿಎಲ್‌ಸಿಯಲ್ಲಿ, ಆಂತರಿಕ ಮಾನಕದೊಂದಿಗೆ ಅಳೆಯಿರಿ. ‘ಆ’ ಮಾದರಿಯಲ್ಲಿ ಹಾಕಿದ್ದೆಲ್ಲ ಬಂದು, ‘ಈ’ ಮಾದರಿಯಲ್ಲಿ ಕಡಿಮೆ ಬಂದರೆ ಬ್ಲ್ಯಾಕ್ ಹಿಡಿದಿದೆ. ಎರಡರಲ್ಲಿಯೂ ಕಡಿಮೆಯಾದರೆ ತಪ್ಪು ಬ್ಲ್ಯಾಕ್‌ನದ್ದಲ್ಲ. ಎಕ್ಸ್‌ಟ್ರೂಡರಿನ ತಾಪವನ್ನೋ ಡೋಸಿಂಗ್ ಯಂತ್ರವನ್ನೋ ನೋಡಬೇಕು.

ಇರ್ಗಾಫಾಸ್ 168 ಎಂಬ ಫಾಸ್ಫೈಟ್ ಬಳಸುವವರಿಗೆ ಇದೇ ಕ್ರೊಮ್ಯಾಟೋಗ್ರಾಂ ಇನ್ನೆರಡು ಸುಳಿವುಗಳನ್ನು ಕೊಡುತ್ತದೆ. ಫಾಸ್ಫೈಟ್ ಇಳಿದು ಫಾಸ್ಫೇಟ್ ಏರಿದ್ದರೆ ಅದು ಉತ್ಕರ್ಷಣದಲ್ಲಿ ಖರ್ಚಾಗಿದೆ. ಫಾಸ್ಫೇಟ್ ಏರದೆ 2,4-ಡೈ-ಟರ್ಟ್-ಬ್ಯೂಟೈಲ್ ಫೀನಾಲ್ ಕಾಣಿಸಿಕೊಂಡರೆ ತೇವ ಅದನ್ನು ಮುರಿದಿದೆ. ಡೈ ಬಾಯಿಯಲ್ಲಿ ಫೀನಾಲಿನ ವಾಸನೆ, ಪೈಪಿನ ಒಳಮೈಯಲ್ಲಿ ಗುಳ್ಳೆ ಅಥವಾ ಒರಟು ಗೆರೆಗಳು ಇದ್ದರೆ ಎರಡನೆಯದನ್ನೇ ಮೊದಲು ಶಂಕಿಸಿ.

## ಹಂತ 7: ಸರಿಪಡಿಸುವ ಕ್ರಮ

ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ.

ಮೊದಲು ಮಾಸ್ಟರ್‌ಬ್ಯಾಚನ್ನು 70ರಿಂದ 80 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ, ಅಳೆದು, ಮತ್ತೆ ಪರೀಕ್ಷಿಸಿ.

ಬಳಿಕ ಸೇರಿಸುವ ಕ್ರಮವನ್ನು ಬದಲಿಸಿ. ಸ್ಟೆಬಿಲೈಸರನ್ನು ಬ್ಲ್ಯಾಕ್ ಮಾಸ್ಟರ್‌ಬ್ಯಾಚಿನೊಳಗೆ ಹಾಕಿದರೆ, 40 ಪ್ರತಿಶತ ಬ್ಲ್ಯಾಕ್‌ನ ನಡುವೆ, ಪಾಲಿಮರ್ ಇನ್ನೂ ಮೇಲ್ಮೈಯನ್ನು ಒದ್ದೆ ಮಾಡಿರದ ಹೊತ್ತಿನಲ್ಲಿ ಅದು ಬ್ಲ್ಯಾಕ್‌ಗೆ ಸಿಗುತ್ತದೆ. ಹೀರಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಮುಖ್ಯ ಪ್ರಮಾಣವನ್ನು ರಾಳದಲ್ಲಿ ಅಥವಾ ಪ್ರತ್ಯೇಕ ಸಂಕಲನ ಮಾಸ್ಟರ್‌ಬ್ಯಾಚಿನಲ್ಲಿ ಇಟ್ಟು, ಬ್ಲ್ಯಾಕ್ ಮಾಸ್ಟರ್‌ಬ್ಯಾಚಿಗೆ ಅದರ ಸ್ವಂತ ರಕ್ಷಣೆಗೆ ಬೇಕಾದಷ್ಟನ್ನು ಮಾತ್ರ ಕೊಡಿ.

ಅದೂ ಸಾಲದಿದ್ದರೆ ಬ್ಲ್ಯಾಕನ್ನು ಬದಲಿಸಿ: ಬಾಷ್ಪಶೀಲ ಅಂಶ ಕಡಿಮೆ ಇರುವ, ಮೇಲ್ಮೈ ಉತ್ಕರ್ಷಿತವಾಗದ ದರ್ಜೆ. ವಿಸ್ತೀರ್ಣ ಕಡಿಮೆ ಮಾಡುವ ಆಸೆಯಿಂದ ದಪ್ಪ ಕಣದ ಬ್ಲ್ಯಾಕ್‌ಗೆ ಹೋದರೆ ಬಿಸಿಲಿನ ರಕ್ಷಣೆ ಕುಸಿಯುತ್ತದೆ, ಪೈಪಿನ ಮಾನಕವೂ ಅದನ್ನು ಒಪ್ಪುವುದಿಲ್ಲ.

ನಾಲ್ಕನೆಯದಾಗಿ ಸ್ಟೆಬಿಲೈಸರ್‌ನ ಜಾತಿಯನ್ನು ಬದಲಿಸಬಹುದು. ಬೆಲ್ ಪ್ರಯೋಗಾಲಯದ ಹಾಕಿನ್ಸ್ ಮತ್ತು ಸಂಗಡಿಗರು 1950ರ ದಶಕದ ಕೊನೆಗೆ ತೋರಿಸಿದಂತೆ, ಸಾಮಾನ್ಯ ಅಮೈನ್ ಮತ್ತು ಫೀನಾಲ್‌ಗಳು ಬ್ಲ್ಯಾಕ್ ಜೊತೆ ಬಲ ಕಳೆದುಕೊಂಡರೆ, ಗಂಧಕದ ಸೇತುವೆಯಿರುವ ಸಂಯುಕ್ತಗಳು ಬ್ಲ್ಯಾಕ್ ಜೊತೆಗೂಡಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ. ಥಯೋಬಿಸ್‌ಫೀನಾಲ್‌ಗಳು ಕೇಬಲ್ ಹೊದಿಕೆಯಲ್ಲಿ ಬಳಕೆಗೆ ಬಂದದ್ದರ ಹಿಂದೆ ಈ ಗುಣವಿದೆ. ಆದರೆ ಎರಡು ಎಚ್ಚರಿಕೆಗಳು. ಗಂಧಕದಿಂದ ಹುಟ್ಟುವ ಆಮ್ಲಗಳು ಹಾಲ್ಸನ್ನು ನಿಷ್ಕ್ರಿಯಗೊಳಿಸುವುದರಿಂದ ಎರಡನ್ನೂ ಒಟ್ಟಿಗೆ ಹಾಕಬಾರದು. ಗಂಧಕದ ಶಿಲೀಂಧ್ರನಾಶಕ ಸಿಂಪಡಿಸುವ ತೋಟಗಳಲ್ಲಿ ಹಾಲ್ಸ್ ಇರುವ ಮಲ್ಚ್ ಹಾಳೆ ಬೇಗ ಸಾಯುವುದೂ ಇದೇ ರಸಾಯನದಿಂದ. ಕುಡಿಯುವ ನೀರಿನ ಪೈಪಾದರೆ ಹೊಸ ಸಂಕಲನ ಐಎಸ್ 10141ರ ಅನುಮತಿ ಪಟ್ಟಿಯಲ್ಲಿದೆಯೇ ಎಂದು ನೋಡದೆ, ನೀರಿನ ರುಚಿ ಮತ್ತು ವಾಸನೆಯನ್ನು ಪರೀಕ್ಷಿಸದೆ ಬದಲಾವಣೆ ಮಾಡಬಾರದು. ಹಾಲ್ಸ್ ಅನಿವಾರ್ಯವಾದಲ್ಲಿ, ಟಿನುವಿನ್ 123ರಂತಹ ಕಡಿಮೆ ಕ್ಷಾರೀಯ ಅಮೈನೊ-ಈಥರ್ ಜಾತಿಯು ಆಮ್ಲೀಯ ಮೇಲ್ಮೈಗೆ ಕಡಿಮೆ ಅಂಟುತ್ತದೆ.

ಇಷ್ಟಾದ ಮೇಲೂ ಕೊರತೆ ಉಳಿದರೆ ಪ್ರಮಾಣ ಏರಿಸಿ. ಹಂತ 5ರ ತೊಳೆತದಲ್ಲಿ ಮರಳದೆ ಉಳಿದ ಪಾಲನ್ನು ಸ್ಥೂಲ ಅಂದಾಜೆಂದಷ್ಟೇ ಹಿಡಿದು, ಅಷ್ಟು ಮಾತ್ರ.

## ಹಂತ 8: ಬದಲಾವಣೆಯನ್ನು ಪರಿಶೀಲಿಸುವುದು

ಹೊಸ ಕಾಂಪೌಂಡಿನ ಇಂಡಕ್ಷನ್ ಟೈಮನ್ನು ತಯಾರಾದ ದಿನ ಒಮ್ಮೆ, ಎರಡು ವಾರ ಇರಿಸಿದ ಬಳಿಕ ಇನ್ನೊಮ್ಮೆ ಅಳೆಯಿರಿ. ಇಳಿಕೆ ಕಂಡರೆ ಹೀರಿಕೆಯೋ ಹೊರಮೈಗೆ ವಲಸೆಯೋ ಇನ್ನೂ ಮುಗಿದಿಲ್ಲ. ಪೈಪಿನ ಒಳಮೈ, ನಡುಭಾಗ, ಹೊರಮೈ ಮೂರರಿಂದಲೂ ಚೂರು ತೆಗೆಯಿರಿ. ಒಳಮೈ ಮಾತ್ರ ಕಡಿಮೆ ತೋರಿಸಿದರೆ ಅದು ಡೈಯಲ್ಲಿ ಬಿಸಿಗಾಳಿ ತಾಗಿ ಆದ ಖರ್ಚು, ಬ್ಲ್ಯಾಕ್‌ನ ಹೀರಿಕೆಯಲ್ಲ. ಸಮಾನಾಂತರವಾಗಿ ಕೆಲವು ಪಟ್ಟಿಗಳನ್ನು ಬಿಸಿ ನೀರಿನಲ್ಲಿಯೂ ಒಲೆಯಲ್ಲಿಯೂ ಇಟ್ಟು, ತಿಂಗಳಿಗೊಮ್ಮೆ ಎಳೆದಾಗ ತುಂಡಾಗುವವರೆಗಿನ ಹಿಗ್ಗುವಿಕೆ ಮತ್ತು ಇಂಡಕ್ಷನ್ ಟೈಮ್ ಎರಡನ್ನೂ ದಾಖಲಿಸಿ. ಸಡಿಲವಾಗಿ ಅಂಟಿದ ಸಂಗ್ರಹ ನಿಜವಾಗಿಯೂ ಬಿಡುಗಡೆಯಾಗುತ್ತಿದ್ದರೆ, ಬಣ್ಣವಿಲ್ಲದ ಮಾದರಿಗಿಂತ ಕಪ್ಪು ಮಾದರಿಯ ಇಳಿಕೆ ನಿಧಾನವಾಗುತ್ತಾ ಬರುವುದು ಈ ದಾಖಲೆಯಲ್ಲಿ ಕಾಣಿಸುತ್ತದೆ. ಬ್ಲ್ಯಾಕ್‌ನ ಲಾಟ್ ಬದಲಾದಾಗಲೆಲ್ಲ ಹಂತ 5ನ್ನು ಒಂದೇ ಸಾಂದ್ರತೆಯಲ್ಲಿ ಪುನರಾವರ್ತಿಸಿ, ಗ್ರಾಂಗೆ ಎಷ್ಟು ಮಿಲಿಗ್ರಾಂ ಎಂಬ ಆ ಅಂಕಿಯನ್ನು ಪೂರೈಕೆದಾರರ ಪ್ರಮಾಣಪತ್ರದ ಪಕ್ಕದಲ್ಲಿಯೇ ಬರೆದಿಡಿ.